ಹತ್ತೊಂಬತ್ತನೆಯ ಶ್ಲೋಕಕ್ಕೆ ಎದ್ದ ಕಂಪ್ಯೂಟರು

ನಮ್ಮ ಮನೆಯ ಕಂಪ್ಯೂಟರು ಎಚ್ಚರಗೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ನಾವು ಬಹುಕಾಲ ಗಡಿಯಾರದಿಂದ ಅಳೆದವರಲ್ಲ. ನನ್ನ ಹೆಂಡತಿಯ ಸ್ತೋತ್ರದಿಂದ ಅಳೆಯುತ್ತಿದ್ದೆವು. ಆಕೆ ಬೆಳಗಿನ ಸ್ನಾನ ಮುಗಿಸಿ ಮಡಿಯುಟ್ಟು ದೇವರ ಕೋಣೆಗೆ ಹೋಗುವ ದಾರಿಯಲ್ಲೇ ಆ ಯಂತ್ರವಿದೆ. ಮಡಿಯಲ್ಲಿ ಅದನ್ನು ಮುಟ್ಟುವಂತಿಲ್ಲವಾದ್ದರಿಂದ ಮರದ ಸೌಟಿನ ತುದಿಯಿಂದ ಗುಂಡಿಯನ್ನೊತ್ತಿ, ಒಳಗೆ ಕುಳಿತು ಸ್ತೋತ್ರವನ್ನು ಆರಂಭಿಸುತ್ತಾಳೆ. ಯಂತ್ರವು ಸಿದ್ಧವಾದಾಗ ಒಂದು ನಾದ ಹೊರಡುತ್ತದೆ. ಮೊದಲೆಲ್ಲ ಆ ನಾದ ಹನ್ನೆರಡನೆಯ ಶ್ಲೋಕದ ಹೊತ್ತಿಗೆ ಕೇಳುತ್ತಿತ್ತು. ಬರಬರುತ್ತ ಹದಿನೈದಾಯಿತು, ಇಪ್ಪತ್ತಾಯಿತು. ಕಳೆದ ಚಳಿಗಾಲ ಮೊದಲಾಗುವಾಗ ಇಪ್ಪತ್ತೆಂಟಕ್ಕೆ ಬಂದು ನಿಂತಿತು.

ಆ ನಾದಕ್ಕಾಗಿ ಕಾಯುತ್ತಿದ್ದವಳು ನನ್ನ ಸೊಸೆ. ಆಕೆ ಕೋಸಗಿಯ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದ ಹತ್ತನೆಯ ತರಗತಿಗೆ ಪಾಠ ಹೇಳುತ್ತಾಳೆ. ಆಂಧ್ರಕ್ಕೆ ಸೇರಿದ ನಮ್ಮ ಸೀಮೆಯಲ್ಲಿ ತೆಲುಗಿನ ಪುಸ್ತಕಗಳು ಸಲೀಸಾಗಿ ಸಿಗುತ್ತವೆ. ಕನ್ನಡದವು ತಡವಾಗಿ ಬರುತ್ತವೆ, ಬಂದರೂ ಎಲ್ಲರಿಗೂ ಸಾಲುವುದಿಲ್ಲ. ಆದ್ದರಿಂದ ಆಕೆ ಎರಡು ವರ್ಷಗಳಿಂದ ಪಾಠಗಳ ಸಾರವನ್ನೂ ಅಭ್ಯಾಸದ ಪ್ರಶ್ನೆಗಳನ್ನೂ ಸೇರಿಸಿ ಒಂದು ಕೈಪಿಡಿಯನ್ನು ಬೆರಳಚ್ಚು ಮಾಡುತ್ತಿದ್ದಳು. ಅವಳ ಶಾಲೆಯ ಎಷ್ಟೋ ಮನೆಗಳವರು ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಗಂಟುಮೂಟೆ ಕಟ್ಟಿಕೊಂಡು ಗುಂಟೂರಿನ ಕಡೆಗೆ ಹೊರಡುತ್ತಾರೆ. ಮಕ್ಕಳೂ ಹೋಗುತ್ತಾರೆ, ಪರೀಕ್ಷೆಯ ಹೊತ್ತಿಗೆ ತಿರುಗಿ ಬರುತ್ತಾರೆ. ಅವರು ರೈಲು ಹತ್ತುವ ಮೊದಲೇ ಕೈಪಿಡಿ ಅವರ ಗಂಟಿನಲ್ಲಿರಬೇಕೆಂಬುದು ಸೊಸೆಯ ಹಟ. ಅದಕ್ಕೆ ಅವಳಿಗೆ ಸಿಗುತ್ತಿದ್ದದ್ದು ಬೆಳಗಿನ ಒಂದೇ ಒಂದು ಗಂಟೆ. ಆ ಗಂಟೆಯಲ್ಲೂ ಯಂತ್ರ ತನ್ನ ಪಾಲನ್ನು ನುಂಗತೊಡಗಿತ್ತು.

ಬೇರೆ ಯಂತ್ರವನ್ನು ತರಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಅವಳು ಬಳಸುತ್ತಿದ್ದ ಕನ್ನಡ ಬೆರಳಚ್ಚಿನ ತಂತ್ರಾಂಶ ಬಹಳ ಹಳೆಯದು. ಅದರ ಅಕ್ಷರಗಳಿರುವುದು ಒಂದು ಪುಟ್ಟ ಪೆನ್‌ಡ್ರೈವಿನಲ್ಲಿ. ಅದನ್ನು ನಾವು ಕಡ್ಡಿ ಎನ್ನುತ್ತೇವೆ. ಆ ಕಡ್ಡಿ ಮತ್ತು ಈ ಕಂಪ್ಯೂಟರು, ಇವೆರಡೂ ಕೂಡಿದರೆ ಮಾತ್ರ ಅವಳ ಪುಟಗಳು ಕನ್ನಡವಾಗಿ ಕಾಣುತ್ತವೆ. ಬೇರೆಲ್ಲಿ ತೆರೆದರೂ ಇಂಗ್ಲಿಷ್ ಅಕ್ಷರಗಳನ್ನು ಮೊರದಲ್ಲಿ ಕೇರಿ ಚೆಲ್ಲಿದಂತೆ ಕಾಣಿಸುತ್ತವೆ. ತಂತ್ರಾಂಶದ ಮೂಲ ಸಿ.ಡಿ. ತಟ್ಟೆ ಎಂದೋ ಕಳೆದುಹೋಗಿದೆ.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನಾನು ಓದಿದ್ದು ಎಂಟನೆಯ ತರಗತಿಯವರೆಗೆ. ಉಳಿದದ್ದನ್ನು ಹಳೆಯ ಪುಸ್ತಕಗಳಿಂದಲೂ ನಿಘಂಟುಗಳಿಂದಲೂ ನನಗೆ ನಾನೇ ಕಲಿಸಿಕೊಂಡೆ. ನಮ್ಮೂರು ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಹತ್ತಿಯ ಗುಣ ನೋಡಿ ತರ ಹೇಳುವ ಕೆಲಸ ಮಾಡಿದೆ. ಬೋರದ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲದ, ಬಾಯಲ್ಲಿ ಕಾಣುವ ಹತ್ತಿಯನ್ನು ನಾನು ಎಂದೂ ನಂಬಿದವನಲ್ಲ. ಕೈಯನ್ನು ಮೊಳಕೈವರೆಗೆ ಒಳಗೆ ತುರುಕಿ, ನಡುವಿನಿಂದ ಒಂದು ಹಿಡಿ ಎಳೆದು, ಎರಡು ಹೆಬ್ಬೆರಳುಗಳ ನಡುವೆ ಹತ್ತಿಯ ಎಳೆಯನ್ನು ಹಿಗ್ಗಿಸಿ ನೋಡಿದ ಮೇಲೆಯೇ ಮಾತು. ಊರಿನ ಕೋಟೆಯ ಬೆಟ್ಟದ ಮೇಲಿನ ಒಂದು ಕೊಳಕ್ಕೆ ತಳವೇ ಇಲ್ಲವೆಂದು ನನ್ನ ತಂದೆಯ ಕಾಲದವರು ಹೇಳುತ್ತಿದ್ದರು. ಹದಿನೆಂಟನೆಯ ವಯಸ್ಸಿನಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೋಡಿದೆ. ಒಂಬತ್ತು ಮಾರಿಗೆ ತಳ ಸಿಕ್ಕಿತು. ಅಂದಿನಿಂದ ನಮ್ಮ ಬಳಗದಲ್ಲಿ ನನಗೆ ಮೊಂಡನೆಂಬ ಹೆಸರಿದೆ, ಮತ್ತು ಅದರ ಬಗ್ಗೆ ನನಗೆ ಬೇಸರವಿಲ್ಲ.

ಒಂದು ಭಾನುವಾರ ನನ್ನ ಹೆಂಡತಿಯ ತಮ್ಮ ಬಂದ. ಸರ್ಕಾರಿ ಕಚೇರಿಯೊಂದರಿಂದ ನಿವೃತ್ತನಾದವನು, ನಮ್ಮೂರಿನಲ್ಲೇ ಎರಡು ಬೀದಿಯಾಚೆ ಮನೆ. ಕಂಪ್ಯೂಟರಿನ ವಿಷಯದಲ್ಲಿ ಬಳಗವೆಲ್ಲ ಅವನ ಮಾತು ಕೇಳುತ್ತದೆ. ಅಂಗಿಯ ಜೇಬಿನಿಂದ ತನ್ನದೊಂದು ಪೆನ್‌ಡ್ರೈವನ್ನು ತೆಗೆದು ತೋರಿಸಿದ.

"ಭಾವನೋರೆ, ನಿಮ್ಮ ಯಂತ್ರಕ್ಕ ಔಷಧ ತಂದೀನಿ. ರಿಜಿಸ್ಟ್ರಿ ಕ್ಲೀನರ್ ಅಂತ. ಒಕ್ಕಸಾರಿ ನೊಕ್ಕಿತೇ ಚಾಲು, ಒಂದು ಸಲ ಒತ್ತಿದ್ರ ಸಾಕು, ಹೊಸಾದರಂಗ ಓಡ್ತದ."

"ಯಾರು ಹೇಳಿದ್ರು?" ಎಂದೆ.

"ಎಲ್ಲಾರೂ ಹೇಳ್ತಾರ."

"ಎಲ್ಲಾರೂ ಹೇಳಿದ್ದು ಬ್ಯಾಡ. ಒಬ್ಬಾವ ಅಳತಿ ಮಾಡಿ ಹೇಳಿದ್ದಿದ್ರ ಹೇಳು."

"ನೋಡಕ್ಕ," ಎಂದು ಅವನು ಅಡುಗೆಮನೆಯ ಕಡೆಗೆ ಕೂಗಿದ, "ಇವರಿಗೆ ನೀರು ಕುಡೀರಿ ಅಂದ್ರೂ ಒದ್ದೀ ಅದನೋ ಇಲ್ಲೋ ಮುಟ್ಟಿ ನೋಡ್ತಾರ."

"ಮುಟ್ಟಿ ನೋಡಿದ ಮ್ಯಾಲೂ ನಂಬಂಗಿಲ್ಲ, ತಮ್ಮಾ," ಎಂದು ಒಳಗಿನಿಂದ ಹೆಂಡತಿಯ ದನಿ ಬಂತು.

ರಿಜಿಸ್ಟ್ರಿ ಎಂದರೇನೆಂದು ಅವನಿಂದಲೇ ಕೇಳಿ ತಿಳಿದೆ. ಯಾವ ತಂತ್ರಾಂಶ ಎಲ್ಲಿದೆ, ಯಾವ ಅಕ್ಷರ ಎಲ್ಲಿಂದ ಬರಬೇಕು, ಪರದೆಯ ಬಣ್ಣ ಯಾವುದಿರಬೇಕು ಎಂದು ಯಂತ್ರವು ತನಗಾಗಿ ಬರೆದಿಟ್ಟುಕೊಂಡ ಟಿಪ್ಪಣಿಗಳ ದೊಡ್ಡ ರಾಶಿ ಅದು. ವರ್ಷಗಳು ಕಳೆದಂತೆ ಕೆಲಸಕ್ಕೆ ಬಾರದ ಟಿಪ್ಪಣಿಗಳು ಅದರಲ್ಲಿ ಸೇರುತ್ತವೆ. ಅವುಗಳನ್ನು ತೆಗೆದರೆ ಯಂತ್ರ ಚುರುಕಾಗುತ್ತದೆ ಎಂಬುದು ಅವನ ವಾದ. ಕೇಳಲು ಚೆನ್ನಾಗಿತ್ತು. ಕೇಳಲು ಚೆನ್ನಾಗಿದ್ದದ್ದೇ ನನ್ನ ಅನುಮಾನಕ್ಕೆ ಕಾರಣವಾಯಿತು.

ನಮ್ಮ ಯಂತ್ರದಲ್ಲಿ ಕಡ್ಡಿ ಸಿಕ್ಕಿಸುವ ಕಿಂಡಿಗಳಲ್ಲಿ ಒಂದೇ ಒಂದು ಕೆಲಸ ಮಾಡುತ್ತದೆ. ಅದರಲ್ಲಿದ್ದ ಸೊಸೆಯ ಕಡ್ಡಿಯನ್ನು ಅವನು ಕಿತ್ತು ಮೇಜಿನ ಮೇಲಿಟ್ಟು ತನ್ನದನ್ನು ಸಿಕ್ಕಿಸಿದ. ಕ್ಲೀನರ್ ಯಂತ್ರದ ಒಳಗನ್ನೆಲ್ಲ ಜಾಲಾಡಿ, ಕೆಂಪು ಅಕ್ಷರಗಳಲ್ಲಿ ಸಾವಿರಕ್ಕೂ ಮಿಕ್ಕಿದ ದೋಷಗಳಿವೆಯೆಂದು ಸಾರಿತು. ಅಡಿಯಲ್ಲಿ ಎಲ್ಲವನ್ನೂ ಒಮ್ಮೆಗೇ ಸರಿಪಡಿಸುವ ದೊಡ್ಡ ಹಸಿರು ಗುಂಡಿ. ಅವನ ಬೆರಳು ಅದರ ಕಡೆಗೆ ಹೋಯಿತು. ನಾನು ಮಣಿಕಟ್ಟನ್ನು ಹಿಡಿದೆ.

"ನಡುವಿನಿಂದ ಒಂದು ಹಿಡಿ ನೋಡೋಣ," ಎಂದೆ.

ಆ ಪಟ್ಟಿಯನ್ನು ಕೆಳಗೆ ಸರಿಸುತ್ತ ಸರಿಸುತ್ತ ನಡುವಿಗೆ ಬಂದು ನಿಂತೆ. ಪ್ರತಿ ದೋಷದ ಎದುರಿಗೂ ಇಂಗ್ಲಿಷಿನಲ್ಲಿ ಒಂದು ಸಾಲಿನ ಕಾರಣವಿತ್ತು. ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದನ್ನೇ ಓದಿದೆ. ಏಳನೆಯದೋ ಎಂಟನೆಯದೋ ಸಾಲಿನಲ್ಲಿ ಸೊಸೆಯ ಕನ್ನಡ ತಂತ್ರಾಂಶದ ಹೆಸರು ಕಾಣಿಸಿತು. ಕಾರಣ: ಈ ಟಿಪ್ಪಣಿ ಹೇಳುವ ಜಾಗದಲ್ಲಿ ಕಡತವೇ ಇಲ್ಲ. ಕಡತ ಇರಲಿಲ್ಲ, ನಿಜ. ಏಕೆಂದರೆ ಅದು ಮೇಜಿನ ಮೇಲೆ, ನನ್ನ ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿ ಬಿದ್ದಿತ್ತು. ಆ ಗಳಿಗೆಯಲ್ಲಿ ಮನೆಯಲ್ಲಿಲ್ಲದವನನ್ನು ಊರಲ್ಲೇ ಇಲ್ಲವೆಂದು ಬರೆದುಕೊಂಡು ಹೋಗುವ ಗಣತಿಯವನಂತೆ ನಡೆದುಕೊಂಡಿತ್ತು ಆ ಕ್ಲೀನರ್.

ಸೊಸೆಯನ್ನು ಕರೆದು ತೋರಿಸಿದೆ. ಅವಳು ಓದಿ, "ಇದೊಂದು ಬಿಟ್ಟು ಉಳಿದದ್ದು ಮಾಡ್ರಿ, ಮಾವನೋರೆ. ನನಗ ಆ ಒಂದು ತಾಸು ಬೇಕೇ ಬೇಕು," ಎಂದಳು. ಅವಳ ಮುಖ ನೋಡಿ ನಾನು ಪಟ್ಟು ಸಡಿಲಿಸಿದೆ. ಆದರೆ ಎರಡು ಷರತ್ತುಗಳನ್ನು ಹಾಕಿದೆ: ರಿಜಿಸ್ಟ್ರಿಯ ಪೂರ್ತಿ ನಕಲನ್ನು ಮೊದಲು ತೆಗೆದಿಡಬೇಕು, ಮತ್ತು ನನಗೆ ಅರ್ಥವಾದ ಸಾಲುಗಳನ್ನು ಮಾತ್ರ ಅಳಿಸಬೇಕು. ಎಂದೋ ತೆಗೆದುಹಾಕಿದ ಆಟಗಳು, ಮಾರಿಹೋದ ಹಳೆಯ ಮುದ್ರಣಯಂತ್ರದ ಟಿಪ್ಪಣಿಗಳು, ಇಂಥವನ್ನು ಆರಿಸಿ ಅಳಿಸಿದೆವು. ಆಮೇಲೆ ಸೊಸೆ ತನ್ನ ಕಡ್ಡಿಯನ್ನು ತಿರುಗಿ ಸಿಕ್ಕಿಸಿದಳು.

ಸೋಮವಾರ ಬೆಳಿಗ್ಗೆ ದೇವರ ಕೋಣೆಯಿಂದ ನನ್ನ ಹೆಂಡತಿ ಸ್ತೋತ್ರವನ್ನು ಪೂರ್ತಿ ಮುಗಿಸುವ ಮುನ್ನವೇ ಬೆರಳುಗಳನ್ನು ಎರಡು ಸಲ ಎತ್ತಿ ತೋರಿಸಿದಳು. ಹತ್ತೊಂಬತ್ತು. ಇಪ್ಪತ್ತೆಂಟರಿಂದ ಹತ್ತೊಂಬತ್ತು. ಸೊಸೆ ಅಡುಗೆಮನೆಯಿಂದ ಓಡಿಬಂದಳು. ಅವಳ ತುಟಿಯ ಮೇಲೆ ಬಹಳ ದಿನಗಳಿಂದ ಕಾಣದ ನಗೆಯಿತ್ತು. ಸುದ್ದಿ ತಿಳಿದ ಭಾವಮೈದ ಬಿಸಿಬಿಸಿ ಮಂಡಕ್ಕಿ ಉಗ್ಗಾಣಿ, ಬಜ್ಜಿ ಕಟ್ಟಿಸಿಕೊಂಡು ಬಂದ.

"ಏನಂತೀರಿ ಭಾವನೋರೆ? ಈಗರೆ ನಂಬ್ತೀರೋ, ಇನ್ನೂ ಹಗ್ಗಕ್ಕ ಕಲ್ಲು ಕಟ್ತೀರೋ?"

ಬಜ್ಜಿಯನ್ನು ತಿನ್ನುತ್ತಲೇ ನಾನು ಯೋಚಿಸುತ್ತಿದ್ದೆ. ನನಗೂ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೂರಕ್ಕಿಂತ ಕಡಿಮೆ ಟಿಪ್ಪಣಿಗಳನ್ನು ತೆಗೆದದ್ದಕ್ಕೆ ಒಂಬತ್ತು ಶ್ಲೋಕಗಳ ಹೊತ್ತು ಉಳಿಯುವುದು ಹೇಗೆ? ಮತ್ತು ಗಡಿಯಾರದಿಂದ ಅಳೆದವರು ಯಾರು?

ಸೊಸೆ ಶಾಲೆಗೆ ಹೋದ ಮೇಲೆ, ಹೆಂಡತಿ ಮಧ್ಯಾಹ್ನ ಅಡ್ಡಾದ ಮೇಲೆ, ನನ್ನ ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಯಂತ್ರವನ್ನು ಆರಿಸಿ ಹೊತ್ತಿಸಿದೆ. ಆರು ನಿಮಿಷ, ಹತ್ತು ಸೆಕೆಂಡು. ಮೂರು ಸಲ ಮಾಡಿದೆ. ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ, ಯಾರಿಗೂ ಹೇಳದೆ, ಭಾನುವಾರ ತೆಗೆದಿಟ್ಟಿದ್ದ ನಕಲನ್ನು ಹುಡುಕಿ, ಅಳಿಸಿದ್ದನ್ನೆಲ್ಲ ರಿಜಿಸ್ಟ್ರಿಗೆ ಹಿಂದಕ್ಕೆ ತುಂಬಿದೆ. ಹೇಗೆ ತುಂಬಬೇಕೆಂಬುದನ್ನು ಭಾನುವಾರವೇ ಕ್ಲೀನರಿನ ಇಂಗ್ಲಿಷ್ ವಿವರಣೆಯಿಂದ ಓದಿಕೊಂಡು, ಹಂತಗಳನ್ನು ಒಂದು ಚೀಟಿಯ ಮೇಲೆ ಬರೆದುಕೊಂಡಿದ್ದೆ. ಯಂತ್ರವು ಈಗ ಭಾನುವಾರ ಬೆಳಿಗ್ಗೆ ಇದ್ದಂತೆಯೇ ಕೊಳೆಯಾಗಿತ್ತು. ಮತ್ತೆ ಹೊತ್ತಿಸಿ ಗಡಿಯಾರ ನೋಡಿದೆ. ಆರು ನಿಮಿಷ, ಹತ್ತು ಸೆಕೆಂಡು.

ಕುರ್ಚಿಯಲ್ಲಿ ಕೂರಲಾಗದೆ ಪಡಸಾಲೆಯಲ್ಲಿ ಎರಡು ಸುತ್ತು ಹಾಕಿದೆ. ತೊಳೆದರೂ ಅಷ್ಟೇ, ತೊಳೆಯದಿದ್ದರೂ ಅಷ್ಟೇ. ಹಾಗಿದ್ದರೆ ಹತ್ತೊಂಬತ್ತನೆಯ ಶ್ಲೋಕ ಎಲ್ಲಿಂದ ಬಂತು?

ಮಂಗಳವಾರ ಬೆಳಿಗ್ಗೆ ದೇವರ ಕೋಣೆಯ ಹೊರಗೆ, ಗೋಡೆಗೊರಗಿ, ಗಡಿಯಾರ ಹಿಡಿದು ಕುಳಿತೆ. ಯಂತ್ರ ಕೊಳೆಯಾಗಿದೆಯೆಂದು ಹೆಂಡತಿಗೆ ಗೊತ್ತಿಲ್ಲ. ಸೌಟಿನಿಂದ ಗುಂಡಿಯೊತ್ತಿ ಒಳಗೆ ಹೋದಳು. ಆ ದಿನ ಆಕೆಯ ದನಿ ನೆಮ್ಮದಿಯಾಗಿತ್ತು. ಒಂದೊಂದು ಪದವನ್ನೂ ಬಾಯಲ್ಲಿ ನಿಲ್ಲಿಸಿ, ಒಂದೊಂದು ಶ್ಲೋಕದ ಕೊನೆಗೂ ಉಸಿರು ಬಿಟ್ಟು, ಸುಖವಾಗಿ ಹೇಳುತ್ತಿದ್ದಳು. ನಾದವಾಯಿತು. "ಹದಿನೆಂಟು," ಎಂದಳು ಹೆಮ್ಮೆಯಿಂದ. ನನ್ನ ಗಡಿಯಾರದಲ್ಲಿ ಆರು ನಿಮಿಷದ ಮೇಲೆ ಹನ್ನೆರಡು ಸೆಕೆಂಡು.

ಆಗ ನನಗೆ ಹೊಳೆಯಿತು. ಆದರೂ ಹೊಳೆದದ್ದನ್ನೇ ನಂಬಿದರೆ ನಾನು ನಾನಾಗುವುದಿಲ್ಲ. ಬುಧವಾರ ಬೆಳಿಗ್ಗೆ ಆಕೆ ಸ್ನಾನಕ್ಕೆ ಹೊರಟಾಗ ಸುಮ್ಮನೆ ಒಂದು ಮಾತನ್ನು ತೇಲಿಬಿಟ್ಟೆ: "ಯಾಕೋ ಯಂತ್ರ ಮತ್ತ ನಿಧಾನ ಆದಂಗ ಕಾಣ್ತದ." ಅಷ್ಟೇ. ಆ ದಿನ ಒಳಗಿನಿಂದ ಬಂದ ಸ್ತೋತ್ರವು ರೈಲು ತಪ್ಪೀತೆಂದು ಓಡುವವರ ಹೆಜ್ಜೆಯಂತಿತ್ತು. ಪದಗಳು ಒಂದರ ಮೇಲೊಂದು ಬೀಳುತ್ತಿದ್ದವು. "ಇಪ್ಪತ್ತಾರು," ಎಂದು ದುಗುಡದಿಂದ ಹೇಳಿದಳು. ಗಡಿಯಾರ: ಆರು ನಿಮಿಷ, ಒಂಬತ್ತು ಸೆಕೆಂಡು.

ಹತ್ತಿಯ ಮಾರುಕಟ್ಟೆಯಲ್ಲಿ ನಾನು ಹಿಡಿದ ಯಾವ ಮೋಸವೂ ನನಗೆ ಇಷ್ಟು ಆನಂದ ಕೊಟ್ಟಿರಲಿಲ್ಲ. ಮತ್ತು ಇಲ್ಲಿ ಮೋಸ ಮಾಡಿದವರು ಯಾರೂ ಇರಲಿಲ್ಲ. ಕಾಯುವ ಆತಂಕವಿದ್ದಾಗ ಆಕೆ ಬೇಗ ಹೇಳುತ್ತಾಳೆ, ಆದ್ದರಿಂದ ಶ್ಲೋಕಗಳು ಹೆಚ್ಚು ಸಾಗುತ್ತವೆ. ಯಂತ್ರ ಸರಿಹೋಯಿತೆಂಬ ನಂಬಿಕೆ ಬಂದಾಗ ನಿಧಾನಿಸುತ್ತಾಳೆ, ಶ್ಲೋಕಗಳು ಕಡಿಮೆಯಾಗುತ್ತವೆ. ಯಂತ್ರ ಹಿಂದೆ ಎಂದೋ ನಿಧಾನವಾದದ್ದು ನಿಜವಿರಬಹುದು. ಆದರೆ ಕ್ಲೀನರು ಚುರುಕುಗೊಳಿಸಿದ್ದು ಯಂತ್ರವನ್ನಲ್ಲ. ಊರೆಲ್ಲ ಹೇಳುವುದನ್ನು ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಸೌಟು ಮತ್ತು ಒಂದು ಕೈಗಡಿಯಾರದಿಂದ ನಾನು ಅಳೆದುಬಿಟ್ಟಿದ್ದೆ. ಎಪ್ಪತ್ತಾರನೆಯ ವಯಸ್ಸಿನಲ್ಲಿ, ಶಾಲೆಯ ಹುಡುಗನಂತೆ, ಅಂಕಿಗಳನ್ನೆಲ್ಲ ಒಂದು ಹಾಳೆಯ ಮೇಲೆ ಸಾಲಾಗಿ ಬರೆದಿಟ್ಟೆ.

ಅದನ್ನು ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೆರಡು ದಿನ ಅಳೆದು, ಭಾನುವಾರ ಭಾವಮೈದ ಬಂದಾಗ ಅವನ ಎದುರಿಗೆ ಅಂಕಿಗಳ ಹಾಳೆಯನ್ನು ಬಿಚ್ಚಬೇಕೆಂಬ ಆಸೆ ನನ್ನದು. ಆ ಆಸೆ ಸೊಸೆಯ ಎರಡು ವರ್ಷಗಳ ದುಡಿಮೆಯನ್ನು ಪಣಕ್ಕಿಟ್ಟಿತು.

ಗುರುವಾರ ಸಂಜೆ ನಾನು ಮಾರುಕಟ್ಟೆಯ ಬಳಿಯ ಚಹಾದಂಗಡಿಗೆ ಹೋಗಿದ್ದೆ. ದೀಪ ಹಚ್ಚುವ ಮೊದಲು ಮನೆಗೆ ಬಂದಾಗ ಪಡಸಾಲೆಯಲ್ಲಿ ಮೂವರೂ ಯಂತ್ರದ ಸುತ್ತ ಸೇರಿದ್ದರು. ಸೊಸೆ ಯಂತ್ರದ ಮುಂದೆ ಕುಳಿತಿದ್ದಳು. ಭಾವಮೈದ ಅವಳ ಹಿಂದೆ ನಿಂತಿದ್ದ, ತನ್ನ ಪೆನ್‌ಡ್ರೈವನ್ನು ಬೆರಳಲ್ಲಿ ತಿರುಗಿಸುತ್ತಿದ್ದ.

"ಮಾವನೋರೆ, ಅಕ್ಷರ ಹೋಗ್ಯಾವ," ಎಂದಳು ಸೊಸೆ, ಪರದೆಯಿಂದ ಕಣ್ಣು ತೆಗೆಯದೆ.

ಆದದ್ದು ಇಷ್ಟು. ಯಂತ್ರ ಮತ್ತೆ ಇಪ್ಪತ್ತಾರಕ್ಕೆ ಹೋಯಿತೆಂದು ನನ್ನ ಹೆಂಡತಿ ತಮ್ಮನಿಗೆ ಹೇಳಿದ್ದಾಳೆ. ಸ್ವಲ್ಪ ತೊಳೆದದ್ದಕ್ಕೇ ಹತ್ತೊಂಬತ್ತಾಗಿತ್ತಲ್ಲ, ಪೂರ್ತಿ ತೊಳೆದರೆ ಹತ್ತಕ್ಕೆ ಬರುತ್ತದೆ ಎಂದು ಅವನು ತೀರ್ಮಾನಿಸಿದ್ದಾನೆ. ಸೊಸೆಗೂ ಅದು ಸರಿಯೆನಿಸಿದೆ. ಅತ್ತೆಯ ಎಣಿಕೆಯನ್ನು ಅವಳು ತನ್ನ ಕಿವಿಯಿಂದಲೇ ಕೇಳಿದ್ದಳಲ್ಲ. ಅವನು ಸೊಸೆಯ ಕಡ್ಡಿಯನ್ನು ಕಿತ್ತು, ತನ್ನದನ್ನು ಸಿಕ್ಕಿಸಿ, ಹೊಸದಾಗಿ ಜಾಲಾಡಿಸಿ, ಹಸಿರು ಗುಂಡಿಯನ್ನೊತ್ತಿದ್ದಾನೆ. ಕನ್ನಡದ ಆ ಸಾಲು ನೂರಾರು ಸಾಲುಗಳ ನಡುವೆ ಅವನ ಕಣ್ಣಿಗೆ ಬೀಳಲಿಲ್ಲ.

ಪರದೆಯ ಮೇಲೆ ಕೈಪಿಡಿಯ ಮೊದಲ ಪುಟವಿತ್ತು. ಇಂಗ್ಲಿಷ್ ಅಕ್ಷರಗಳೂ ಆಶ್ಚರ್ಯಚಿಹ್ನೆಗಳೂ ಮುರಿದ ಕೊಂಡಿಗಳೂ ಅದರ ತುಂಬ ಚೆಲ್ಲಿದ್ದವು. ಕಡ್ಡಿಯನ್ನು ತಿರುಗಿ ಸಿಕ್ಕಿಸಿದ್ದರೂ ಯಂತ್ರ ಅದನ್ನು ಗುರುತಿಸಲಿಲ್ಲ.

"ಏಳವ್ವ, ನನಗ ಕೂಡಗೊಡು," ಎಂದೆ.

ಚೀಟಿ ನನ್ನ ಜೇಬಿನಲ್ಲೇ ಇತ್ತು. ಭಾನುವಾರದ ನಕಲನ್ನು ಹುಡುಕಿದೆ, ತುಂಬಿದೆ, ಒಪ್ಪಿಗೆಯ ಗುಂಡಿಯನ್ನೊತ್ತಿದೆ, ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದೆ. ಇನ್ನು ಕಾಯುವುದು. ನಾಲ್ವರೂ ಆ ಕಪ್ಪು ಪರದೆಯ ಮುಂದೆ ನಿಂತಿದ್ದೆವು.

"ಇದನ್ನ ಯಾವಾಗ ಕಲಿತ್ರಿ ನೀವು?" ಎಂದು ಹೆಂಡತಿ ಕೇಳಿದಳು.

"ಸೋಮವಾರ ಮಧ್ಯಾಹ್ನ ಒಮ್ಮೆ ಮಾಡೀನಿ."

"ಸೋಮವಾರ ಯಾಕ? ಸೋಮವಾರ ಎಲ್ಲಾ ಚಂದ ಇತ್ತಲ್ಲ."

"ಅದಕ್ಕೇ. ತೊಳೆದದ್ದನ್ನೆಲ್ಲ ಹಿಂದಕ್ಕ ಹಾಕಿ ನೋಡಿದೆ."

ಭಾವಮೈದ ನನ್ನ ಕಡೆಗೆ ತಿರುಗಿದ. "ಅಂದ್ರ ಮಂಗಳವಾರ ಅಕ್ಕ ಹದಿನೆಂಟು ಅಂದದ್ದು?"

"ತೊಳೀಲಾರದ ಯಂತ್ರಕ್ಕ."

"ನಾ ಸುಳ್ಳು ಎಣಿಸೀನಂತೀರೇನು?" ಎಂದಳು ಹೆಂಡತಿ.

"ಎಣಿಕಿ ಸರಿನೇ ಅದ. ಹೇಳೋ ವೇಗ ಬ್ಯಾರೆ. ಖುಷಿಯಾದಾಗ ನಿಧಾನ ಹೇಳ್ತಿ, ಕಳವಳ ಆದಾಗ ಓಡಿಸ್ತಿ. ಯಂತ್ರ ಎರಡೂ ದಿನ ಆರೇ ನಿಮಿಷ."

ಆಕೆ ಬೆರಳು ಮಡಿಚಿ ದಿನಗಳ ಲೆಕ್ಕ ಹಾಕಿದಳು. "ಮತ್ತ ಬುಧವಾರ ನಿಧಾನ ಆಗ್ಯದ ಅಂದ್ರಲ್ಲ?"

"ಅದು ನಾ ಹೇಳಿದ ಸುಳ್ಳು."

"ನೋಡೋ ತಮ್ಮಾ," ಎಂದಳು ಆಕೆ. "ಐವತ್ತು ವರ್ಷದಾಗ ನಿಮ್ಮ ಭಾವನೋರು ನನ್ನ ಸ್ತೋತ್ರ ಕಿವಿಗೊಟ್ಟು ಕೇಳಿದ್ದು ಇದೇ ಮೊದಲು. ಅದೂ ಕೈಯಾಗ ಗಡಿಯಾರ ಹಿಡಕೊಂಡು."

ಅವನು ನಗಲಿಲ್ಲ. ಸೊಸೆಯೂ ನಗಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. "ನಿಮಗ ನಿನ್ನೇನೇ ಗೊತ್ತಿತ್ತು, ಮಾವನೋರೆ," ಎಂದಳು. "ಹೇಳಿದ್ದಿದ್ರ ನಾ ಒತ್ತಾಕ ಬಿಡ್ತಿದ್ದಿಲ್ಲ."

ತಪ್ಪಾಯಿತೆಂದೆ. ಸೊಸೆಗೆ ನಾನು ಆ ಮಾತನ್ನು ಹೇಳಿದ್ದು ಅದೇ ಮೊದಲು. "ಗುಂಡಿ ಒತ್ತಿದಾವ ನಾನು," ಎಂದ ಭಾವಮೈದ, ನೆಲ ನೋಡುತ್ತ. ಪರದೆಯ ಮೇಲೆ ಬೆಳಕು ಮೂಡಿ, ಮಾಯವಾಗಿ, ಮತ್ತೆ ಮೂಡಿತು. ನಾನು ಅಷ್ಟು ದಿನ ಅಳೆದಿದ್ದ ಆರು ನಿಮಿಷಗಳಲ್ಲಿ ಯಾವುದೂ ಅಷ್ಟು ಉದ್ದವಾಗಿ ಕಂಡಿರಲಿಲ್ಲ.

ನಾದವಾಯಿತು. ಸೊಸೆ ಬಗ್ಗಿ ಕೈಪಿಡಿಯ ಕಡತವನ್ನು ತೆರೆದಳು. ಒಂದು ಕ್ಷಣ ಹಾಳೆ ಬಿಳಿಯಾಗಿಯೇ ಇತ್ತು. ಆಮೇಲೆ ಮೇಲಿನಿಂದ ಕೆಳಕ್ಕೆ, ಸಾಲಿನ ಹಿಂದೆ ಸಾಲಾಗಿ ಕನ್ನಡ ಇಳಿದು ಬಂತು: ಕೊಂಬು, ದೀರ್ಘ, ಒತ್ತಕ್ಷರ, ಯಾವುದೂ ಕಳೆದಿರಲಿಲ್ಲ. ಅವಳು ಪುಟಗಳನ್ನು ಸರಿಸುತ್ತ ಕೊನೆಯವರೆಗೂ ಹೋದಳು. ಅಲ್ಲಿ, ಅಂದು ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದ ಪ್ರಶ್ನೆ ಅರ್ಧಕ್ಕೇ ಇತ್ತು. ಅವಳು ಕುರ್ಚಿಯನ್ನು ಎಳೆದುಕೊಂಡು ಕುಳಿತು ಅದನ್ನು ಪೂರ್ತಿ ಮಾಡಿದಳು.

ಉಳಿದ ದಿನಗಳಲ್ಲಿ ಆ ಯಂತ್ರವನ್ನು ನಾವು ಆರಿಸಲೇ ಇಲ್ಲ. ಹಗಲಿರುಳೂ ಹೊತ್ತಿಯೇ ಇರಲಿ ಎಂದವನು ಭಾವಮೈದನೇ, ಮತ್ತು ಅದು ಒಳ್ಳೆಯ ಸಲಹೆಯೆಂದು ನಾನು ಅಳೆಯದೆಯೇ ಒಪ್ಪಿದೆ. ಅವನು ದಿನವೂ ಬೆಳಿಗ್ಗೆ ಬಂದು ಅಚ್ಚಿನ ತಪ್ಪುಗಳನ್ನು ತಿದ್ದಲು ಕುಳಿತ. ಕಚೇರಿಯಲ್ಲಿ ತೆಲುಗನ್ನೇ ಬರೆದು ಬರೆದು ಅವನ ಕನ್ನಡ ಸವೆದಿತ್ತು. ಆದರೂ ನಾನು ಬಿಟ್ಟ ನಾಲ್ಕು ತಪ್ಪುಗಳನ್ನು ಹಿಡಿದ, ಹಿಡಿದದ್ದನ್ನು ಎರಡೆರಡು ಸಲ ಹೇಳಿಕೊಂಡ. ಮುಗಿದ ಪುಟಗಳನ್ನು ಮನೆಯ ಹೊಸ ಮುದ್ರಣಯಂತ್ರದಲ್ಲೇ ಮುದ್ರಿಸಿ, ಜೆರಾಕ್ಸ್ ಅಂಗಡಿಯಲ್ಲಿ ಪ್ರತಿಗಳನ್ನು ತೆಗೆಸಿ, ದಬ್ಬಳದಿಂದ ತೂತು ಮಾಡಿ ದಾರ ಹಾಕಿ ಹೊಲಿದೆವು.

ಪ್ರತಿಗಳನ್ನು ಒಯ್ಯುವ ದಿನ ಕಟ್ಟು ಭಾರವಾಗಿತ್ತೆಂಬ ನೆಪ ಹೇಳಿ ನಾನೂ ಸೊಸೆಯ ಜೊತೆಗೆ ಹೋದೆ. ಹಳ್ಳಿಯಲ್ಲಿ ಎರಡು ಮನೆಯವರು ಆಗಲೇ ಬೀಗ ಹಾಕಿ ಕೋಸಗಿಯ ಸ್ಟೇಷನ್ನಿಗೆ ಹೊರಟಿದ್ದರು. ನಾವು ಆಟೋ ಹಿಡಿದು ಅವರ ಹಿಂದೆಯೇ ಹೋದೆವು. ಪ್ಲಾಟ್‌ಫಾರಂ ಮೇಲೆ ಚೀಲಗಳ ನಡುವೆ ಸೊಸೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯ ಜೊತೆ ಕುಳಿತಿದ್ದಳು. ಸೊಸೆ ಒಂದು ಪ್ರತಿಯನ್ನು ಅವಳ ಕೈಗಿತ್ತಳು. ಹುಡುಗಿ ತೆರೆದು ಮಧ್ಯದ ಒಂದು ಪುಟವನ್ನು ಓದತೊಡಗಿದಳು.

"ಇದ್ರಾಗ ಎಲ್ಲಾ ಪಾಠ ಐತೇನ್ರಿ, ಟೀಚರಮ್ಮ?" ಎಂದು ಅವಳ ತಾಯಿ ಕೇಳಿದಳು.

"ಎಲ್ಲಾ ಅದ. ಮಳಿಯಾಗ ಮಾತ್ರ ನೆನೀಲಾರದಂಗ ನೋಡ್ಕೊಳ್ರಿ."

ತಾಯಿ ಅದನ್ನು ಮಗಳ ಕೈಯಿಂದ ತೆಗೆದುಕೊಂಡು, ಸೀರೆಯ ಸೆರಗಿನಿಂದ ಒಮ್ಮೆ ಒರೆಸಿ, ಜೋಳದ ಚೀಲದ ಬಾಯಿ ಬಿಚ್ಚಿ, ಮೊಳಕೈವರೆಗೆ ಕೈಯಿಳಿಸಿ ಮಡಿಚದಂತೆ ನೆಟ್ಟಗೆ ಒಳಗಿಟ್ಟಳು. ಮಗಳು ಕೂಡಲೇ ಚೀಲವನ್ನು ಬಿಚ್ಚಿ ಅದನ್ನು ಹೊರತೆಗೆದಳು. "ದಾರ್ಯಾಗ ಓದ್ತೀನವ್ವಾ," ಎಂದಳು. ರೈಲು ಬರುವವರೆಗೂ ಅವರಿಬ್ಬರೂ ಅದಕ್ಕಾಗಿ ಜಗಳಾಡುತ್ತಿದ್ದರು. ಸೊಸೆ ಬಿಡಿಸಲು ಹೋಗಲಿಲ್ಲ.